ಬಿಸಾಡಿದ ಫಿಲಂ ಚೂರುಗಳ ನಡುವೆ ಹುಟ್ಟಿದ ‘ಫೋರ್ಸ್’

‘ಸ್ಟಾರ್ ವಾರ್ಸ್’ ನೋಡಿದ ನಮ್ಮವರಲ್ಲಿ ಹಲವರಿಗೆ ಒಂದು ಗುಮಾನಿ: ಈ ‘ಫೋರ್ಸ್’ ಎಂಬುದು ನಮ್ಮ ಉಪನಿಷತ್ತುಗಳ ಬ್ರಹ್ಮವೇ ಇರಬೇಕು. ಕಣ್ಣಿಗೆ ಕಾಣದ, ಎಲ್ಲ ಜೀವಿಗಳನ್ನೂ ಹೆಣೆದು ಹಿಡಿದ ಚೈತನ್ಯ ಎಂದಮೇಲೆ ಹಾಗನ್ನಿಸುವುದು ಸಹಜ. ಆದರೆ ಜಾಡು ಹಿಡಿದು ಹೊರಟರೆ ತಲುಪುವುದು ಹಿಮಾಲಯವನ್ನಲ್ಲ, ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ಎಡಿಟಿಂಗ್ ಕೋಣೆಯನ್ನು.

ಬೇರೆಯವರು ಕತ್ತರಿಸಿ ಎಸೆದ ಫಿಲಂ ಚೂರು, ಧ್ವನಿಯ ತುಣುಕುಗಳನ್ನು ಆಯ್ದು ಅಂಟಿಸಿ ಸಿನಿಮಾ ಮಾಡುವ ಹುಚ್ಚು ಅಲ್ಲಿದ್ದ ಆರ್ಥರ್ ಲಿಪ್ಸೆಟ್ ಎಂಬ ತರುಣನಿಗೆ. 1963ರಲ್ಲಿ ಅವನು ಮಾಡಿದ ‘21-87’ ಹತ್ತು ನಿಮಿಷವನ್ನೂ ಮುಟ್ಟದ ಚಿತ್ರ. ಅದರಲ್ಲಿ ಹಿನ್ನೆಲೆಗೆ ಒಂದು ಜಗಳದಂಥ ಮಾತುಕತೆ ಕೇಳಿಸುತ್ತದೆ. ಮಿದುಳಿನ ನರಜಾಲವನ್ನು ಗಣಿತಕ್ಕೆ ಇಳಿಸಲು ಹೊರಟಿದ್ದ ವಿಜ್ಞಾನಿ ವಾರನ್ ಮೆಕಲಕ್, ಜೀವಿಗಳೂ ಜಟಿಲ ಯಂತ್ರಗಳೇ ಎನ್ನುತ್ತಾನೆ. ರೋಮನ್ ಕ್ರೋಯ್ಟರ್ ಒಪ್ಪುವುದಿಲ್ಲ (ಮುಂದೆ ಐಮ್ಯಾಕ್ಸ್ ಹುಟ್ಟುಹಾಕಿದವರಲ್ಲಿ ಈತನೂ ಒಬ್ಬ). ಪ್ರಕೃತಿಯ ಎದುರು ನಿಂತಾಗ ಈ ಮುಖವಾಡದ ಹಿಂದೆ ಯಾವುದೋ ಶಕ್ತಿಯಿದೆ ಎಂದು ಜನರಿಗೆ ಅನ್ನಿಸುತ್ತದಲ್ಲ, ಅದನ್ನೇ ಅವರು ದೇವರೆನ್ನುವುದು ಎಂಬುದು ಅವನ ವಾದ.

ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಓದುತ್ತಿದ್ದ ಜಾರ್ಜ್ ಲ್ಯೂಕಸ್‌ಗೆ ಈ ಚಿತ್ರ ಗುಂಗು ಹಿಡಿಸಿತು. ಮುಂದೆ ‘ಸ್ಟಾರ್ ವಾರ್ಸ್’ನಲ್ಲಿ ರಾಜಕುಮಾರಿ ಲೇಯಾಳನ್ನು ಕೂಡಿಹಾಕಿದ ಕೋಣೆಯ ಸಂಖ್ಯೆ 2187! ಫೋರ್ಸ್ ಕೂಡ ಆ ಮಾತುಕತೆಯ ಪ್ರತಿಧ್ವನಿ ಎಂದು ಅವನು ಒಪ್ಪಿಕೊಂಡಿದ್ದಾನೆ, ಇಂಥ ಕಲ್ಪನೆ ಸಾವಿರಾರು ವರ್ಷಗಳಿಂದ ಇದ್ದೇ ಇದೆ ಎಂಬ ಷರಾದೊಂದಿಗೆ. ಎಲ್ಲರೂ ಹೆಸರಿಸುವ ಜೋಸೆಫ್ ಕ್ಯಾಂಬೆಲ್‌ನ ಪುರಾಣ ಅಧ್ಯಯನ ಒದಗಿದ್ದು ಹೆಚ್ಚಾಗಿ ಕಥೆಯ ಚೌಕಟ್ಟಿಗೆ.

1975ರ ಕರಡಿನಲ್ಲಿ ಫೋರ್ಸಿಗೆ ದೊಡ್ಡ ಸ್ಥಳಪುರಾಣವೇ ಇತ್ತು: ಒಳಿತಿನ ಮುಖ ಆಶ್ಲಾ, ಕೇಡಿನ ಮುಖ ಬೋಗನ್, ಜತೆಗೊಂದು ಮಾಂತ್ರಿಕ ಹರಳು. 1977ರಲ್ಲಿ ಚಿತ್ರ ತೆರೆಗೆ ಬರುವಷ್ಟರಲ್ಲಿ ಅವೆಲ್ಲ ಹೋಗಿ, ಮುದುಕ ಓಬಿ-ವಾನ್ ಬಾಯಲ್ಲಿ ನಾಲ್ಕಾರು ಮಾತಷ್ಟೇ ಉಳಿದಿದ್ದವು. ಲ್ಯೂಕಸ್ ಮಾಡಿದ ಜಾಣ ಕೆಲಸವೆಂದರೆ ಇದೇ. ಹೇಳದೆ ಬಿಟ್ಟ ಜಾಗದಲ್ಲಿ ಕ್ರೈಸ್ತನೂ ಬೌದ್ಧನೂ ವೇದಾಂತಿಯೂ ತಂತಮ್ಮದನ್ನು ತುಂಬಿಕೊಂಡರು. 1980ರ ಎರಡನೆಯ ಚಿತ್ರ ನಿರ್ದೇಶಿಸಿದ ಅರ್ವಿನ್ ಕೆರ್ಶ್ನರ್‌ಗೆ ಝೆನ್ ಕಡೆ ಒಲವಿತ್ತು. ಅದರಲ್ಲಿ ಗುಹೆ ಹೊಕ್ಕ ನಾಯಕ ಲ್ಯೂಕ್ ವೈರಿಯ ತಲೆ ಹಾರಿಸುತ್ತಾನೆ. ಒಡೆದ ಮುಖವಾಡದೊಳಗೆ ಇರುವುದು ಅವನದೇ ಮುಖ. ಅವನ ಗುರು ಯೋಡಾ ಅದಕ್ಕೆ ಭಾಷ್ಯ ಬರೆಯಲು ಹೋಗುವುದಿಲ್ಲ, ಪುಣ್ಯ.

1999ರ ಚಿತ್ರದಲ್ಲಿ ಲ್ಯೂಕಸ್ ತಾನೇ ಭಾಷ್ಯ ಬರೆದ. ಹುಡುಗ ಅನಕಿನ್‌ನ ರಕ್ತಪರೀಕ್ಷೆ ಮಾಡಿ, ಅವನಲ್ಲಿ ಫೋರ್ಸ್ ಎಷ್ಟಿದೆಯೆಂದು ತಿಳಿಯಲು ಜೀವಕೋಶಗಳಲ್ಲಿ ‘ಮಿಡಿಕ್ಲೋರಿಯನ್’ ಎಂಬ ಸೂಕ್ಷ್ಮಜೀವಿಗಳು ಎಷ್ಟಿವೆಯೆಂದು ಎಣಿಸುತ್ತಾರೆ. ಅಭಿಮಾನಿಗಳು ಸಿಡಿದೆದ್ದರು. 36 ವರ್ಷ ತಡವಾಗಿ ಮೆಕಲಕ್ ಗೆದ್ದಿದ್ದ!

ಅಷ್ಟಾದರೂ 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ತಮ್ಮ ಧರ್ಮ ‘ಜೆಡೈ’ (ಚಿತ್ರದಲ್ಲಿ ಫೋರ್ಸನ್ನು ನಂಬಿದ ಯೋಧರ ಪಂಥ) ಎಂದು ಬರೆಸಿದರು. ಬಹಳಷ್ಟು ತಮಾಷೆಗೇ, ಇಮೇಲ್ ಸುತ್ತಾಡಿದ್ದರ ಫಲ. ಕೆಲವರಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಅಂಥವರ ಒಂದು ಸಂಘ ಧಾರ್ಮಿಕ ದತ್ತಿ ಸಂಸ್ಥೆಯಾಗಿ ನೋಂದಣಿ ಕೋರಿತು. 2016ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಚಾರಿಟಿ ಕಮಿಷನ್ ಅರ್ಜಿಯನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣಗಳಲ್ಲೊಂದು, ದೇವರು-ಅಧ್ಯಾತ್ಮಗಳ ಗೊಡವೆಯಿಲ್ಲದೆಯೂ ಒಬ್ಬ ಜೆಡೈ ಆಗಿರಬಹುದು ಎಂಬುದು.