ತೋಟದ ನೇಕಾರರನ್ನು ನೋಡಿದ್ದೀರಾ?

ಜೇಡವೆಂದರೆ ಪೊರಕೆ ಹುಡುಕುವವರೇ ಹೆಚ್ಚು. ಆದರೆ ನಮ್ಮ ನುಡಿಯಲ್ಲಿ ಜೇಡನೆಂದರೆ ನೇಕಾರನೂ ಹೌದು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಇದೇ ಅರ್ಥ. ಯುವಮಿತ್ರರೇ, ನೀವು ಮುಂಬಯಿಯಲ್ಲಿರಿ, ಪುಣೆಯಲ್ಲಿರಿ, ನಿಮ್ಮ ಸೊಸೈಟಿಯ ತೋಟದಲ್ಲೂ ಈ ನೇಕಾರರನ್ನು ಹುಡುಕಬಹುದು. ಕಿಸೆಯಲ್ಲಿ ಮೊಬೈಲ್ ಕ್ಯಾಮೆರಾ ಇದ್ದರೆ ಸಾಕು.

ಮಳೆಗಾಲ ಮುಗಿಯುವ ಹೊತ್ತಿಗೆ ಬೇಲಿಗಿಡಗಳ ಸಂದಿಯಲ್ಲಿ ಇಣುಕಿ ನೋಡಿ. ಬಲೆಯ ನಡುವೆ ತಲೆಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಚಿಹ್ನೆಯಂತೆ ಕುಳಿತಿದ್ದರೆ ಅದು ಆರ್ಜಿಯೋಪೆ, ಅಂದರೆ ಸಿಗ್ನೇಚರ್ ಸ್ಪೈಡರ್. ಬಲೆಯ ಮೇಲಿನ ಬಿಳಿಯ ಅಂಕುಡೊಂಕು ಗೆರೆಯೇ ಅದರ ಸಹಿ. ಬಲೆಯನ್ನು ಗಟ್ಟಿ ಮಾಡಲು ಈ ಗೆರೆ ಎಂದು ಹಿಂದೆ ತಿಳಿದಿದ್ದರು. ಕೀಟಗಳನ್ನು ಸೆಳೆಯಲು ಎಂಬುದು ಈಗ ಕೆಲವು ವಿಜ್ಞಾನಿಗಳ ವಾದ. ಹಕ್ಕಿಗಳು ಬಲೆಗೆ ಬಡಿಯದಿರಲೆಂಬ ಎಚ್ಚರಿಕೆ ಎಂಬುದು ಇನ್ನು ಕೆಲವರದು. ನಿಮ್ಮ ಕಣ್ಣಿಗೆ ಬೀಳುವ ದೊಡ್ಡ ಜೇಡ ಹೆಣ್ಣು. ಗಂಡು ತೀರ ಚಿಕ್ಕದು. ನಡುವಿನಿಂದ ಹೊರಟ ಎಳೆಗಳಲ್ಲಿ ಅಂಟಿಲ್ಲ, ಸುರುಳಿ ಸುತ್ತಿದ ಎಳೆಗಳಲ್ಲಿದೆ. ಹುಳು ಸಿಕ್ಕಿದೊಡನೆ ಅದನ್ನು ರೇಷ್ಮೆಯಲ್ಲಿ ಸುತ್ತಿಬಿಡುವ ಚುರುಕನ್ನು ನೋಡಿಯೇ ತಿಳಿಯಬೇಕು.

ಚಿತ್ರ ತೆಗೆಯಲು ಬೆಳಗಿನ ಹೊತ್ತು ಒಳ್ಳೆಯದು. ಆಗ ಗಾಳಿ ಕಡಿಮೆ, ಬಿಸಿಲು ಓರೆ. ನಿಮ್ಮ ನೆರಳು ಬಲೆಯ ಮೇಲೆ ಬೀಳದಂತೆ ನಿಧಾನವಾಗಿ ಹತ್ತಿರ ಹೋಗಿ. ಗಾಬರಿಯಾದರೆ ಅದು ಬಲೆಯನ್ನೇ ಜೋರಾಗಿ ಅಲುಗಿಸುತ್ತದೆ, ಇಲ್ಲವೇ ಕೆಳಗೆ ಬೀಳುತ್ತದೆ. ಆಗ ಹಿಂದೆ ಸರಿದು ಕಾಯಿರಿ. ಕ್ಯಾಮೆರಾ ಬಲೆಗೆ ಸಮಾನಾಂತರವಾಗಿದ್ದರೆ ಎಳೆಗಳೆಲ್ಲ ಸ್ಪಷ್ಟವಾಗಿ ಮೂಡುತ್ತವೆ. ಹಿಂಬದಿಯಲ್ಲಿ ನೆರಳಿನ ಗಿಡವಿದ್ದರೆ ಬಲೆ ಹೊಳೆಯುತ್ತದೆ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಕಾಲಿನ ಕೂದಲೂ ಕಾಣುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ನೀರು ಎರಚುವುದು, ಕಡ್ಡಿಯಿಂದ ತಿವಿಯುವುದು ಬೇಡ.

ಇದು ಬರಿಯ ಹವ್ಯಾಸವೆಂದು ತಿಳಿಯಬೇಡಿ. ಠಾಣೆ-ಕಲ್ಯಾಣ ಪ್ರದೇಶದಲ್ಲಿ ಸಿಕ್ಕ ಹೊಸ ಜಾತಿಯ ನೆಗೆಯುವ ಜೇಡವೊಂದಕ್ಕೆ 2021ರಲ್ಲಿ 'ಐಸಿಯಸ್ ತುಕಾರಾಮಿ' ಎಂದು ಹೆಸರಿಟ್ಟರು. 2008ರ ಮುಂಬಯಿ ದಾಳಿಯಲ್ಲಿ ಕಸಬ್‌ನನ್ನು ಹಿಡಿಯುತ್ತ ಪ್ರಾಣ ತೆತ್ತ ಪೊಲೀಸ್ ತುಕಾರಾಮ ಓಂಬಳೆಯವರ ನೆನಪಿಗೆ ಆ ಹೆಸರು. ಇಷ್ಟು ಜನಸಂದಣಿಯ ನಡುವೆಯೂ ಯಾರೂ ಗುರುತಿಸದ ಜೀವವಿತ್ತು!

ಬೇಲಿ ಕತ್ತರಿಸಿ ಔಷಧಿ ಹೊಡೆದರೆ ಬಲೆಯೂ ಇಲ್ಲ, ಮೊಟ್ಟೆಗೂಡೂ ಇಲ್ಲ. ತೆಗೆದ ಚಿತ್ರವನ್ನು ನಿಮ್ಮ ಸೊಸೈಟಿಯ ಮಾಲಿಗೆ ತೋರಿಸಿ, ಒಂದು ಮೂಲೆಯನ್ನಾದರೂ ಬಿಡುವಂತೆ ಕೇಳಿ. ಅಜ್ಜಿಗೂ ತೋರಿಸಿ, ಊರಿನಲ್ಲಿ ಇದನ್ನು ಏನೆಂದು ಕರೆಯುತ್ತಿದ್ದರೆಂದು ವಿಚಾರಿಸಿ. ಆ ಹೆಸರನ್ನು ಚಿತ್ರದ ಕೆಳಗೆ ಕನ್ನಡದಲ್ಲೇ ಬರೆದಿಡಿ.