ಬೊಗಳದ ನಾಯಿಯ ಮೇಲೆ ಕಣ್ಣಿರಲಿ

ಹಳೆಯ ಗ್ರಾಮಫೋನ್ ತಟ್ಟೆಗಳ ಮೇಲೆ, ಕೊಳವೆಗೆ ಕಿವಿಗೊಟ್ಟು ಕುಳಿತ ಬಿಳಿ ನಾಯಿಯ ಚಿತ್ರ ನಿಮಗೆ ನೆನಪಿದೆಯಲ್ಲವೆ? ಎಷ್ಟು ಸಾಧು ಮುಖ! ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ, ಟೆರಿಯರ್ ರಕ್ತದ ನಾಯಿ. ಮನೆಗೆ ಬಂದವರ ಕಾಲನ್ನು ಹಿಂದಿನಿಂದ ಕಚ್ಚುತ್ತಿತ್ತೆಂದೇ ಅದಕ್ಕೆ ಆ ಹೆಸರು ಬಂತಂತೆ! ಮುಖ ನೋಡಿ ಮರುಳಾಗುವವರಿಗೆ ಈ ಎರಡನೆಯ ವಿಷಯವನ್ನು ಯಾರೂ ಹೇಳುವುದಿಲ್ಲ. ನಮಗೂ ಹೇಳಿರಲಿಲ್ಲ.

ಮಗಳ ಹಟಕ್ಕೆ ಕಟ್ಟುಬಿದ್ದು ಮೂರು ವರ್ಷದ ಹಿಂದೆ ನಾವೊಂದು ಜ್ಯಾಕ್ ರಸೆಲ್ ಟೆರಿಯರ್ ಮರಿ ತಂದೆವು. ಬಿಳಿ ಮೈ, ಕಂದು ಕಿವಿ. ಚೋಟು ಎಂದು ಹೆಸರಿಟ್ಟೆವು. ಮೈಸೂರಿನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಮನೆಯಲ್ಲಿ ಒಬ್ಬಂಟಿ ಅಜ್ಜಿ, ಅವರ ಜೊತೆಗೆ ಗೌರಿ ಎಂಬ ಬೆಕ್ಕು. ಗೌರಿ ಗೋಡೆ ಹತ್ತಿದರೆ ಸಾಕು, ಚೋಟು ಕೆಳಗಿನಿಂದ ಬೊಗಳಿ ಬೊಗಳಿ ಬೀದಿಯನ್ನೇ ಎಬ್ಬಿಸುತ್ತಿತ್ತು. “ಬೊಗಳೋ ನಾಯಿ ಕಚ್ಚಲ್ಲ ಬಿಡಿ ಅಜ್ಜಿ” ಎಂದು ನಾನು ನಗುತ್ತಿದ್ದೆ.

ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದೆ, ಗೇಟು ತೆರೆದಿತ್ತು. ಗೌರಿ ರಸ್ತೆ ದಾಟಿ ಬರುತ್ತಿತ್ತು. ಚೋಟು ಅಂದು ಬೊಗಳಲೇ ಇಲ್ಲ. ಮೈ ತಗ್ಗಿಸಿ, ಒಂದು ಕಾಲೆತ್ತಿ, ಕಣ್ಣು ಮಿಟುಕಿಸದೆ ನಿಂತಿತ್ತು. ‘ಪರವಾಗಿಲ್ಲ, ಬುದ್ಧಿ ಬಂದಿದೆ’ ಎಂದುಕೊಂಡು ನಾನು ಚುಕ್ಕಿ ಇಡುವುದರಲ್ಲಿದ್ದೆ. ಮರುಕ್ಷಣ ಗೌರಿ ಓಡಿತು, ಚೋಟು ಬಾಣದ ಹಾಗೆ ಹಾರಿತು. ಹೋಗಿ ಬಿಡಿಸುವಷ್ಟರಲ್ಲಿ ಗೌರಿಯ ಬೆನ್ನಿನ ಮೇಲೆ ಹಲ್ಲು ಊರಿಯಾಗಿತ್ತು.

ಗಾಯ ನೋಡಿದರೆ ಹುಣಿಸೆಬೀಜದಷ್ಟೂ ಇರಲಿಲ್ಲ. “ಹೋಗಲಿ ಬಿಡಮ್ಮ” ಎಂದು ಅಜ್ಜಿ ಅರಿಶಿನ ಹಚ್ಚಿದರು. ಮೂರನೆಯ ದಿನ ಗೌರಿ ಅನ್ನ ಮುಟ್ಟಲಿಲ್ಲ, ಮೈ ಬೆಂಕಿಯಂತೆ ಸುಡುತ್ತಿತ್ತು. ಒಳಗೆಲ್ಲ ಕೀವು! ಡಾಕ್ಟರು ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, ಒಂದು ವಾರ ಹೋರಾಡಿ ಉಳಿಸಿದರು. ಖರ್ಚು ನಾವೇ ಕೊಟ್ಟೆವು ನಿಜ. ಆದರೆ ಅಜ್ಜಿ ಅಂದ ಮಾತು ದುಡ್ಡಿಗೆ ತೀರುವಂಥದ್ದಲ್ಲ: “ನನಗಿರೋದು ಅದೊಂದೇ ಜೀವ ಕಣಮ್ಮಾ.” ಆಮೇಲೆ ತಿಂಗಳುಗಟ್ಟಲೆ ಗೋಡೆಯಾಚೆಯಿಂದ ಮಾತೇ ಇಲ್ಲ.

“ಈ ನಾಯಿ ಸಹವಾಸವೇ ಬೇಡ ಕಣೇ. ಎಲ್ಲಾದ್ರೂ ತೋಟದ ಕಡೆ ಬಿಟ್ಟು ಬರ್ತೀನಿ” ಎಂದರು ನಮ್ಮ ಮನೆಯವರು. ಮಗಳು ಅತ್ತು ಊಟ ಬಿಟ್ಟಳು. ಸಾಕಿದ ಪ್ರಾಣಿಯನ್ನು ಹಾಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂದು ತಿಳಿದದ್ದು ಡಾಕ್ಟರಿಂದ. ಅವರೇ ಇನ್ನೊಂದು ಮಾತೂ ಹೇಳಿದರು: “ಅಮ್ಮಾ, ಅದಕ್ಕೆ ಬೆಕ್ಕಿನ ಮೇಲೆ ದ್ವೇಷ ಅಂತ ತಿಳ್ಕೋಬೇಡಿ. ಅದು ಅದರ ಕಸುಬು ಮಾಡ್ತಿದೆ, ಅಷ್ಟೆ.”

ಏನದು ಕಸುಬು?

ಟೆರಿಯರ್ ಎಂಬ ಹೆಸರೇ ‘ಮಣ್ಣು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಬಿಲದೊಳಗೆ ನುಗ್ಗಿ ನರಿ, ಇಲಿಗಳನ್ನು ಎದುರಿಸಲೆಂದೇ ಇಂಗ್ಲೆಂಡಿನವರು ಈ ನಾಯಿಗಳನ್ನು ತಲೆತಲಾಂತರದಿಂದ ಆರಿಸಿ ಬೆಳೆಸಿದರು. ಡೆವನ್ ಪ್ರಾಂತದ ಪಾದ್ರಿ ಜ್ಯಾಕ್ ರಸೆಲ್ 1819ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಕೊಂಡರಂತೆ. ಆತನ ಹೆಸರೇ ಈ ತಳಿಗೆ ನಿಂತಿತು.

ಸ್ವಲ್ಪ ಯೋಚಿಸಿ ನೋಡಿ. ಕತ್ತಲ ಬಿಲದೊಳಗೆ ಹೋದ ನಾಯಿಗೆ ಯಜಮಾನನ ಮುಖ ಕಾಣದು, ಕೂಗೂ ಸರಿಯಾಗಿ ಕೇಳದು. ಮುಂದೇನು ಎಂದು ತಾನೇ ತೀರ್ಮಾನಿಸಬೇಕು, ಹಿಂದೆ ಸರಿಯಬಾರದು. ಅಂಥ ನಾಯಿ ಬೇಕೆಂದು ಬೆಳೆಸಿದವರು ನಾವೇ, ಮನುಷ್ಯರು. ಈಗ ಅದು ಬೆಕ್ಕಿನ ಹಿಂದೆ ಓಡುವಾಗ ‘ಚೋಟೂ, ಬಾರೋ’ ಎಂದರೆ ಕೇಳುವುದಿಲ್ಲ ಎಂದು ಕೋಪಿಸಿಕೊಂಡರೆ ಹೇಗೆ?

ಬೊಗಳುವುದು ಬೇರೆ, ಹೊಂಚುವುದು ಬೇರೆ

ನಾನು ಮಾಡಿದ ತಪ್ಪು ಇಲ್ಲೇ. ನಾಯಿ ಬೆಕ್ಕಿನ ಮೇಲೆ ಏರಿಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳುಂಟು.

ಒಂದು, ‘ಇದು ನನ್ನ ಜಾಗ’ ಎಂಬ ಹಕ್ಕು. ಆಗ ನಾಯಿ ಎದೆ ಸೆಟೆಸಿ, ಬೆನ್ನಿನ ಕೂದಲು ನಿಮಿರಿಸಿ, ಗೇಟಿನ ಬಳಿ ಗದ್ದಲವೆಬ್ಬಿಸುತ್ತದೆ. ಬೆಕ್ಕು ಆಚೆ ಹೋದರೆ ಅದಕ್ಕೆ ಸಮಾಧಾನ. ಆದರೆ ‘ನಾನು ಬೊಗಳಿದ್ದಕ್ಕೇ ಅದು ಹೋಯಿತು’ ಎಂದು ದಿನದಿನಕ್ಕೂ ಹುಮ್ಮಸ್ಸು ಹೆಚ್ಚುತ್ತದೆ.

ಇನ್ನೊಂದು ಬೇಟೆ. ಅದರಲ್ಲಿ ಸದ್ದಿಲ್ಲ, ಸಿಟ್ಟೂ ಇಲ್ಲ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು: ಒಂದಾದ ಮೇಲೊಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಓಡುವುದೇನಾದರೂ ಕಂಡರೆ ಮುಗಿಯಿತು. ದಿಟ್ಟಿಸುವ ಹಂತದಲ್ಲೇ ತಡೆದರೆ ಉಂಟು, ಓಟ ಶುರುವಾದ ಮೇಲೆ ದೇವರೇ ಗತಿ! ಆದ್ದರಿಂದ ಸೋದರಿಯರೇ, ಗಾದೆಯ ಇನ್ನರ್ಧವನ್ನೂ ನೆನಪಿಡಿ. ಟೆರಿಯರ್ ಬೊಗಳಿದಾಗಲ್ಲ, ಬೆಕ್ಕನ್ನು ಕಂಡೂ ಸದ್ದಿಲ್ಲದೆ ನಿಂತಾಗ ಎಚ್ಚರವಾಗಿರಿ.

ನಾವು ಮಾಡಿದ್ದು

ಮೊದಲು ಗೇಟಿಗೆ ಕೆಳಗಿನಿಂದ ಮೂರಡಿ ತಗಡು ಹೊಡೆಸಿದೆವು. ರಸ್ತೆ ಕಾಣದಿದ್ದರೆ ಬೊಗಳುವ ಕಾರಣಗಳೂ ಅರ್ಧಕ್ಕರ್ಧ ಕಡಿಮೆ. ಟೆರಿಯರ್ ಮಣ್ಣು ತೋಡಿ ನುಸುಳುವುದರಿಂದ ಗೇಟಿನ ಕೆಳಗೆ ಚಪ್ಪಡಿ ಹಾಕಿಸಿದೆವು. ಹಗ್ಗವಿಲ್ಲದೆ ಚೋಟುವಿಗೆ ಹೊಸಿಲು ದಾಟಲು ಬಿಡಲಿಲ್ಲ.

ಎರಡನೆಯದು ಕೆಲಸ. ಕೆಲಸವಿಲ್ಲದ ಟೆರಿಯರ್ ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಗೆ ಕಡಿಮೆಯಿಲ್ಲದ ನಡಿಗೆ. ಹಿತ್ತಲಿನ ಮೂಲೆಯಲ್ಲಿ ಮರಳಿನ ಗುಂಡಿ ಮಾಡಿ, ಅದರಲ್ಲಿ ಆಟದ ಸಾಮಾನು ಹೂತಿಟ್ಟು ತೋಡಲು ಬಿಟ್ಟೆವು. ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆ ಕಟ್ಟಿ ಅಟ್ಟಿಸಿದೆವು. ಬೇಟೆಯ ಹಸಿವು ಬಟ್ಟೆಯ ಮೇಲೆ ಸ್ವಲ್ಪ ತೀರಲಿ ಎಂದು.

ಮೂರನೆಯದು ಪಾಠ. ‘ಬಿಡು’, ‘ಇಲ್ಲಿ ನೋಡು’ ಎಂಬ ಎರಡು ಮಾತನ್ನು ಬೆಕ್ಕಿಲ್ಲದ ಕಡೆ ಮೊದಲು ಕಲಿಸಿ. ಕಲಿತ ಮೇಲೆ ಹಗ್ಗ ಹಿಡಿದು ಬೆಕ್ಕು ದೂರದಲ್ಲಿ ಕಾಣುವ ಕಡೆ ನಿಲ್ಲಿ. ನಾಯಿ ಬೆಕ್ಕನ್ನು ಕಂಡೂ ನಿಮ್ಮ ಮಾತು ಕೇಳುವಷ್ಟು ದೂರವಿರಬೇಕು. ನಮಗೆ ಅದು ಮೂವತ್ತು ಅಡಿ. ಕಣ್ಣು ತಿರುಗಿಸಿ ನಿಮ್ಮ ಮುಖ ನೋಡಿದ ತಕ್ಷಣ ಬೇಯಿಸಿದ ಮೊಟ್ಟೆಯ ಚೂರೋ ಪನ್ನೀರೋ ಕೊಡಿ. (ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ಹಾಕಿದ ತಿಂಡಿ ಬೇಡವೇ ಬೇಡ. ನಾಯಿಗೆ ವಿಷ.) ದಿನಕ್ಕೆ ಐದು ನಿಮಿಷ ಸಾಕು. ವಾರಕ್ಕೆ ಒಂದೆರಡು ಅಡಿ ಹತ್ತಿರ ಹೋಗಿ. ಎಳೆದಾಡಿದರೆ ಗದರಬೇಡಿ, ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿ.

ಹೊಡೆಯುವುದಂತೂ ಬೇಡ. ಬೆಕ್ಕು ಕಂಡಾಗಲೆಲ್ಲ ಏಟು ಬಿದ್ದರೆ, ಬೆಕ್ಕೇ ನೋವಿಗೆ ಕಾರಣವೆಂದು ನಾಯಿ ತಿಳಿಯುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಎಲ್ಲ ಸರಿಹೋಗುತ್ತದೆಂದೂ ನಂಬಬೇಡಿ. ಗಂಡುನಾಯಿಯ ಅಲೆದಾಟ ಎಷ್ಟೋ ತಗ್ಗಬಹುದು, ಬೇಟೆಯ ಬುದ್ಧಿ ಹೋಗದು.

ಎರಡೂ ನಿಮ್ಮ ಮನೆಯಲ್ಲೇ ಇದ್ದರೆ

ಮೊದಲ ದಿನವೇ ಮುಖಾಮುಖಿ ಮಾಡಬೇಡಿ. ಬೆಕ್ಕಿಗೆ ಬೇರೆ ಕೋಣೆ ಕೊಡಿ. ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಹತ್ತಿರ ಹಾಕಿ ವಾಸನೆ ಪರಿಚಯ ಮಾಡಿಸಿ. ಮುಚ್ಚಿದ ಬಾಗಿಲ ಈಚೆ ಆಚೆ ಊಟ ಹಾಕಿ. ಆಮೇಲೆ ಹಗ್ಗ ಕಟ್ಟಿದ ನಾಯಿಗೆ ದೂರದಿಂದ ದರ್ಶನ! ಇದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಎರಡೂ ಎಳೆಯ ಮರಿಗಳಾಗಿದ್ದಾಗ ಜೊತೆಗೆ ಬೆಳೆದರೆ ಕೆಲಸ ಸುಲಭ.

ಬೆಕ್ಕಿಗೆ ಎತ್ತರವೇ ರಕ್ಷೆ. ಅಟ್ಟ, ಬೀರುವಿನ ನೆತ್ತಿ, ಗೋಡೆಯ ಹಲಗೆ, ಎಲ್ಲಾದರೂ ನಾಯಿಗೆ ನಿಲುಕದ ಜಾಗ ಪ್ರತಿ ಕೋಣೆಯಲ್ಲೂ ಇರಲಿ. ಬೆಕ್ಕಿನ ತಟ್ಟೆಯೂ ಮೇಲೇ ಇರಲಿ. ನಾಯಿಯ ಎದುರಿಗೆ ಬೆಕ್ಕನ್ನು ಎತ್ತಿಕೊಳ್ಳಬೇಡಿ. ನಾಯಿ ಹಾರುತ್ತದೆ, ಬೆಕ್ಕು ಪರಚುತ್ತದೆ, ನಡುವೆ ನಿಮ್ಮ ಗತಿ? ಎರಡಕ್ಕೂ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.

ಜಗಳ ಹತ್ತಿಯೇಬಿಟ್ಟರೆ ಕೈ ಹಾಕಬೇಡಿ. ಕಂಬಳಿ ಎಸೆಯಿರಿ, ಇಲ್ಲವೆ ಬಿಂದಿಗೆ ನೀರು ಸುರಿಯಿರಿ. ನಿಮಗೆ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ಹಲ್ಲು ತಾಗಿದರೆ ಗಾಯ ಸಣ್ಣದೆಂದು ಅರಿಶಿನ ಹಚ್ಚಿ ಕೂರಬೇಡಿ. ಮೇಲೆ ಸಾಸಿವೆಯಷ್ಟು ಕಂಡರೂ ಒಳಗೆ ಮಾಂಸ ಜಜ್ಜಿರುತ್ತದೆ. ಗೌರಿ ಕಲಿಸಿದ ಪಾಠವಿದು.

ಕೊನೆಗೆ ಒಂದು ಮಾತು

‘ಹಾಗಾದರೆ ಈಗ ಚೋಟು, ಗೌರಿ ಸ್ನೇಹಿತರಾದರೇ?’ ಎಂದು ನೀವು ಕೇಳಬಹುದು. ಇಲ್ಲ. ಎಂಟು ತಿಂಗಳ ಪಾಠದ ನಂತರ ಗೌರಿ ಗೋಡೆಯ ಮೇಲೆ ಮಲಗಿದ್ದರೆ ಚೋಟು ತಲೆಯೆತ್ತಿ ನೋಡಿ, ನನ್ನ ಮುಖ ನೋಡಿ, ಮೊಟ್ಟೆಯ ಚೂರಿಗೆ ಬಾಯಿ ತೆರೆಯುತ್ತದೆ. ಅಷ್ಟೆ. ಗೌರಿ ಕೆಳಗಿಳಿದು ಓಡಿದರೆ ಇಂದಿಗೂ ಅದು ಅದೇ ಬೇಟೆಗಾರ. ಅವೆರಡನ್ನು ಕಣ್ಗಾವಲಿಲ್ಲದೆ ಬಿಡುವ ಧೈರ್ಯ ನಾನು ಮಾಡುವುದಿಲ್ಲ. ಕೆಲವು ಟೆರಿಯರ್‌ಗಳು ಬೆಕ್ಕಿನೊಡನೆ ಒಂದೇ ಚಾಪೆಯಲ್ಲಿ ಮಲಗುವುದುಂಟು. ನಮ್ಮದು ಆ ಪೈಕಿಯಲ್ಲ, ಅದನ್ನು ಒಪ್ಪಿಕೊಂಡ ದಿನ ಮನೆಗೆ ನೆಮ್ಮದಿ ಬಂತು. ಬಾಗಿಲು ಹಾಕಿಕೊಳ್ಳುವುದು ಸೋಲಲ್ಲ, ಎರಡು ಜೀವಕ್ಕೂ ಅದೇ ಕ್ಷೇಮ.

ಮೊನ್ನೆ ಗೋಡೆಯ ಮೇಲಿಂದ ಒಂದು ಡಬ್ಬಿ ಬಂತು. ಅಜ್ಜಿ ಮಾಡಿದ ಚಕ್ಕುಲಿ. “ನಿಮ್ಮ ಪುಂಡನ್ನ ಹಿಡ್ಕೊಂಡಿದ್ದೀಯೇನಮ್ಮಾ? ಗೌರೀನ ಬಿಸಿಲಿಗೆ ಬಿಡಬೇಕು” ಎಂದರು. “ಹಿಡ್ಕೊಂಡಿದ್ದೀನಿ ಅಜ್ಜಿ, ಬಿಡಿ” ಎಂದು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.