ಚಾಕುವಿನ ಕಾನೂನು ಬಿಗಿಯಾದರೆ ಇರಿತ ಕಡಿಮೆಯಾಗುತ್ತದೆಯೆ?

ಒಂದು ಕಾನೂನು ಬಂತು. ಆಮೇಲೆ ಅಪರಾಧ ಇಳಿಯಿತು. ಆದುದರಿಂದ ಕಾನೂನಿನಿಂದಲೇ ಇಳಿಯಿತು. ಈ ಬಗೆಯ ವಾದವನ್ನು ನೀವು ಎಷ್ಟೋ ಸಲ ಓದಿರುತ್ತೀರಿ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಇಂಥ ತೀರ್ಮಾನ ಬರೆದು ತಂದರೆ ನಾವು ಒಪ್ಪುವುದಿಲ್ಲ. ‘ಉಳಿದ ಚರಗಳನ್ನು ಸ್ಥಿರವಾಗಿ ಇಟ್ಟಿದ್ದೆಯಾ? ಮಾಪನದಲ್ಲಿ ದೋಷ ಎಷ್ಟು?’ ಎಂದು ಕೇಳುತ್ತೇವೆ. ಸಮಾಜದ ಪ್ರಶ್ನೆಗಳಿಗೂ ಇದೇ ಶಿಸ್ತು ಬೇಕು. ಏಕೆಂದರೆ ಅಲ್ಲಿ ತೀರ್ಮಾನ ತಪ್ಪಾದರೆ ಹೋಗುವುದು ಅಂಕವಲ್ಲ, ಹದಿಹರೆಯದವರ ಜೀವ.

ಚಾಕು, ಚೂರಿಗಳ ಮೇಲಿನ ಕಾನೂನು ಹಿಂಸೆಯನ್ನು ತಗ್ಗಿಸುತ್ತದೆಯೆ ಎಂಬ ಪ್ರಶ್ನೆಗೆ ಬ್ರಿಟನ್ ಒಳ್ಳೆಯ ಉದಾಹರಣೆ. ಅಲ್ಲಿ ಬಂದೂಕು ಸುಲಭವಾಗಿ ಸಿಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆಯುವ ಕೊಲೆಗಳಲ್ಲಿ ಸುಮಾರು ಶೇ. 40ರಷ್ಟು ಹರಿತವಾದ ಆಯುಧದಿಂದ ಆಗುತ್ತವೆ. ಎಪ್ಪತ್ತು ವರ್ಷಗಳಿಂದ ಅಲ್ಲಿ ಕಾನೂನು ಹಂತ ಹಂತವಾಗಿ ಬಿಗಿಯಾಗುತ್ತ ಬಂದಿದೆ. ಅಂಕಿ-ಅಂಶಗಳೂ ಧಾರಾಳವಾಗಿ ಸಿಗುತ್ತವೆ.

ಕಾನೂನು ಬೆಳೆದ ದಾರಿ

1953ರ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಆಯುಧ ಹೊಂದಿರುವುದನ್ನು ಅಪರಾಧವೆಂದಿತು. 1959ರಲ್ಲಿ, ಗುಂಡಿ ಒತ್ತಿದರೆ ಅಲಗು ಚಿಮ್ಮುವ ಚಾಕುವಿನ ಮಾರಾಟ ನಿಂತಿತು. 1988ರ ಕಾಯಿದೆ ಇನ್ನೂ ಮುಂದೆ ಹೋಯಿತು. 3 ಅಂಗುಲ, ಅಂದರೆ ಸುಮಾರು 7.6 ಸೆಂ.ಮೀ. ಮೀರದ ಮಡಿಸುವ ಚಾಕುವನ್ನು ಬಿಟ್ಟರೆ, ಬೇರೆ ಯಾವುದೇ ಅಲಗುಳ್ಳ ವಸ್ತುವನ್ನು ಕಾರಣವಿಲ್ಲದೆ ಬೀದಿಗೆ ಒಯ್ಯುವಂತಿಲ್ಲ ಎಂದಾಯಿತು. 2007ರಲ್ಲಿ ಇದಕ್ಕೆ ಗರಿಷ್ಠ ಶಿಕ್ಷೆ 2 ವರ್ಷದಿಂದ 4 ವರ್ಷಕ್ಕೆ ಏರಿತು. ಅದೇ ವರ್ಷ ಚಾಕು ಕೊಳ್ಳುವವರ ಕನಿಷ್ಠ ವಯಸ್ಸು 18 ಆಯಿತು. 2015ರಿಂದ ಎರಡನೆಯ ಸಲ ಸಿಕ್ಕಿಬಿದ್ದ ವಯಸ್ಕರಿಗೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಸೆರೆವಾಸ. 2016ರಲ್ಲಿ, ಸಿನಿಮಾದ ಪ್ರೇತಗಳ ಕೈಯಲ್ಲಿ ಕಾಣುವಂಥ ‘ಜಾಂಬಿ ಚಾಕು’ ನಿಷೇಧವಾಯಿತು. 2024ರಲ್ಲಿ ಆ ನಿಷೇಧ ವಿಸ್ತರಿಸಿ ಕೆಲವು ಬಗೆಯ ಮಚ್ಚುಗಳೂ ಪಟ್ಟಿಗೆ ಸೇರಿದವು.

ಒಂದೇ ತರ್ಕ, ಎರಡು ಉತ್ತರ

ಈಗ ಅಂಕಿಗಳನ್ನು ನೋಡೋಣ. ಬ್ರಿಟನ್ನಿನ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹರಿತ ಆಯುಧದಿಂದಾದ ಕೊಲೆಗಳು 2007-08ರಲ್ಲಿ ಸುಮಾರು 270. 2014-15ಕ್ಕೆ ಇವು ಸುಮಾರು 186ಕ್ಕೆ ಇಳಿದವು. 2017-18ರಲ್ಲಿ ಮತ್ತೆ 280ನ್ನು ದಾಟಿದವು. 1946ರಲ್ಲಿ ಈ ದಾಖಲೆ ಆರಂಭವಾದ ಮೇಲೆ ಅಷ್ಟು ದೊಡ್ಡ ಸಂಖ್ಯೆ ಅದಕ್ಕೂ ಮುಂಚೆ ಕಂಡಿರಲಿಲ್ಲ.

2007ರಲ್ಲಿ ಕಾನೂನು ಬಿಗಿಯಾಯಿತು, ಆಮೇಲೆ ಕೊಲೆಗಳು ಇಳಿದವು. ಹಾಗಾದರೆ ಕಾನೂನು ಗೆದ್ದಿತು! 2015ರಲ್ಲಿ ಕಾನೂನು ಮತ್ತೆ ಬಿಗಿಯಾಯಿತು, ಆಮೇಲೆ ಕೊಲೆಗಳು ಏರಿದವು. ಹಾಗಾದರೆ ಕಾನೂನು ಸೋತಿತು, ಅಥವಾ ಕಾನೂನೇ ಕೊಲೆ ಹೆಚ್ಚಿಸಿತು! ಎರಡು ಕಡೆಯೂ ಬಳಸಿದ್ದು ಒಂದೇ ತರ್ಕ. ಅದು ಎರಡು ವಿರುದ್ಧ ಉತ್ತರ ಕೊಡುತ್ತದೆ ಎಂದರೆ ತರ್ಕದಲ್ಲೇ ದೋಷವಿದೆ.

ದೋಷ ಯಾವುದು? ಕಾನೂನು ಬದಲಾದ ಅವಧಿಯಲ್ಲಿ ಬೇರೆ ಏನೂ ಬದಲಾಗಲಿಲ್ಲ ಎಂದು ನಾವು ಹೇಳದೆಯೇ ಊಹಿಸಿಕೊಂಡಿದ್ದೇವೆ. ವಾಸ್ತವವಾಗಿ 2010ರಿಂದ 2018ರ ನಡುವೆ ಅಲ್ಲಿ ಪೊಲೀಸರ ಸಂಖ್ಯೆ ಸುಮಾರು 20 ಸಾವಿರದಷ್ಟು ಕುಗ್ಗಿತು. ಯುವಜನ ಕೇಂದ್ರಗಳಿಗೆ ಸಿಗುತ್ತಿದ್ದ ಹಣ ಕಡಿತವಾಯಿತು. ಮಾದಕವಸ್ತು ವ್ಯಾಪಾರದ ರೀತಿಯೂ ಬದಲಾಯಿತು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ‘ಮೊದಲು-ಆಮೇಲೆ’ ಎಂಬ ಹೋಲಿಕೆಯೊಂದೇ ಬಿಡಿಸಿ ಹೇಳಲಾರದು.

ಇನ್ನೊಂದು ತೊಡಕೂ ಇದೆ. ಜ್ವರ ಏರಿದಾಗಲೇ ಮನೆಯಲ್ಲಿ ಕಷಾಯ ಕಾಯಿಸುತ್ತಾರೆ. ಎಷ್ಟೋ ಜ್ವರ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಕಷಾಯಕ್ಕೆ. ಕಾನೂನುಗಳೂ ಹಾಗೆಯೇ. ಕೊಲೆಗಳು ಹೆಚ್ಚಿ ಜನ ಕಂಗೆಟ್ಟಾಗಲೇ ಹೊಸ ಕಾಯಿದೆ ಬರುತ್ತದೆ. ಅಸಾಧಾರಣವಾಗಿ ಏರಿದ ಸಂಖ್ಯೆ ಮುಂದಿನ ವರ್ಷಗಳಲ್ಲಿ ಸರಾಸರಿಯ ಕಡೆಗೆ ಮರಳುವುದು ಸಾಮಾನ್ಯ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಸರಾಸರಿಯತ್ತ ಹಿಂಚಲನೆ’ ಎಂದು ಹೆಸರು.

ಎಷ್ಟು ಏರಿದರೆ ಏರಿಕೆ?

ವಿಕಿರಣಶೀಲ ಆಕರದ ಮುಂದೆ ಗೈಗರ್ ಗಣಕ ಇಟ್ಟು ನೀವು ಎಣಿಸಿದ್ದರೆ ಒಂದು ವಿಷಯ ಗೊತ್ತಿರುತ್ತದೆ. ಆಕರ ಬದಲಾಗದಿದ್ದರೂ ಪ್ರತಿ ನಿಮಿಷದ ಎಣಿಕೆ ಬೇರೆ ಬೇರೆ. ಸರಾಸರಿ ಎಣಿಕೆ N ಆದರೆ ಸಹಜ ಏರಿಳಿತ ಸುಮಾರು √N. ಬಿಡಿಬಿಡಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳ ಎಣಿಕೆಗೆಲ್ಲ ಇದು ಅನ್ವಯಿಸುತ್ತದೆ. ಕೊಲೆಗಳು ಪೂರ್ತಿ ಹಾಗಿಲ್ಲ. ಒಂದಕ್ಕೆ ಪ್ರತೀಕಾರವಾಗಿ ಇನ್ನೊಂದು ನಡೆಯುವುದುಂಟು. ಆದುದರಿಂದ ನಿಜವಾದ ಏರಿಳಿತ √Nಗಿಂತ ತುಸು ಹೆಚ್ಚೇ ಇರುತ್ತದೆ. ಆದರೂ ಮೊದಲ ಅಂದಾಜಿಗೆ ಈ ಸೂತ್ರ ಸಾಕು.

2022-23ರಲ್ಲಿ ಹರಿತ ಆಯುಧದ ಕೊಲೆಗಳು ಸುಮಾರು 244, 2023-24ರಲ್ಲಿ ಸುಮಾರು 262. ವ್ಯತ್ಯಾಸ 18. ವ್ಯತ್ಯಾಸದ ಸಹಜ ಏರಿಳಿತ √(244+262), ಅಂದರೆ ಸುಮಾರು 22. ಹಾಗಾಗಿ ಈ ‘ಏರಿಕೆ’ಗೆ ಕಾರಣ ಹುಡುಕುವ ಅಗತ್ಯವೇ ಇಲ್ಲದಿರಬಹುದು. ಇದಕ್ಕೆ ಬದಲಾಗಿ 186ರಿಂದ 280ಕ್ಕೆ ಏರಿದ್ದನ್ನು ನೋಡಿ. ವ್ಯತ್ಯಾಸ 94, ಸಹಜ ಏರಿಳಿತ ಸುಮಾರು 22. ನಾಲ್ಕು ಪಟ್ಟಿಗೂ ಹೆಚ್ಚು. ಇದು ಆಕಸ್ಮಿಕವಲ್ಲ, ನಿಜವಾದ ಬದಲಾವಣೆ.

2025ರಲ್ಲಿ ಪ್ರಕಟವಾದ ಅಂಕಿಗಳಲ್ಲಿ ಚಾಕು ಅಪರಾಧಗಳು ಇಳಿದಿರುವುದು ಕಂಡಿದೆ. 2024ರ ನಿಷೇಧದಿಂದಲೇ ಹಾಗಾಯಿತು ಎನ್ನುವ ಮೊದಲು ಈ ಎಚ್ಚರವನ್ನು ನೆನಪಿಡಬೇಕು.

ಮಾಪಕವೇ ಬದಲಾದರೆ?

ಅಳೆಯುವ ಸಾಧನ ಮಧ್ಯದಲ್ಲಿ ಬದಲಾದರೆ ಓದಿಕೆಯನ್ನು ನಂಬುವಂತಿಲ್ಲ. 2014ರಲ್ಲಿ ಪೊಲೀಸ್ ವ್ಯವಸ್ಥೆಯ ತನಿಖಾಧಿಕಾರಿಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಪರಾಧ ದಾಖಲೆಗಳನ್ನು ಪರಿಶೀಲಿಸಿದರು. ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಶೇ. 19ರಷ್ಟು ದಾಖಲಾಗಿಯೇ ಇರಲಿಲ್ಲ. ದೈಹಿಕ ಹಿಂಸೆಯ ಪ್ರಕರಣಗಳಲ್ಲಿ ಈ ಪ್ರಮಾಣ ಶೇ. 33. ಆಮೇಲೆ ದಾಖಲಾತಿ ಸುಧಾರಿಸಿತು. ಹೀಗಾಗಿ ಹಿಂಸೆ ಒಂದಿಷ್ಟೂ ಹೆಚ್ಚದಿದ್ದರೂ ಅಂಕಿ ಏರಬೇಕಿತ್ತು.

ಇಂಥ ಸಂದರ್ಭದಲ್ಲಿ ಬೇರೊಂದು ಮಾಪಕ ಬೇಕು. ಆಸ್ಪತ್ರೆಯ ದಾಖಲೆ ಅಂಥದ್ದು. ಪೊಲೀಸರು ದಾಖಲಿಸಿದ ಚಾಕು ಅಪರಾಧಗಳು 2014-15ರ ಸುಮಾರು 25 ಸಾವಿರದಿಂದ 2017-18ಕ್ಕೆ ಸುಮಾರು 40 ಸಾವಿರಕ್ಕೆ, ಅಂದರೆ ಶೇ. 60ರಷ್ಟು ಏರಿದವು. ಇದೇ ಅವಧಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಹರಿತ ಆಯುಧದ ಗಾಯದಿಂದ ದಾಖಲಾದವರು ಸುಮಾರು 3,600ರಿಂದ 5,000ಕ್ಕೆ, ಅಂದರೆ ಶೇ. 40ಕ್ಕೆ ಸಮೀಪ ಏರಿದರು. ಏರಿಕೆ ನಿಜ. ಆದರೆ ಎಷ್ಟು ಎಂಬುದು ಯಾವ ಮಾಪಕ ಹಿಡಿದಿರಿ ಎಂಬುದನ್ನು ಅವಲಂಬಿಸಿದೆ.

ಹೋಲಿಕೆಯ ಪ್ರಯೋಗಗಳು

ಹಾಗಾದರೆ ಸರಿಯಾದ ಪ್ರಶ್ನೆ ಇದು: ‘ಈ ಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತು?’ ಇದಕ್ಕೆ ಉತ್ತರಿಸಲು, ಕ್ರಮ ಜಾರಿಯಾಗದ, ಉಳಿದಂತೆ ಸರಿಸುಮಾರು ಹಾಗೆಯೇ ಇರುವ ಇನ್ನೊಂದು ಪ್ರದೇಶ ಬೇಕು.

2008ರಲ್ಲಿ ಲಂಡನ್ ಪೊಲೀಸರು ಬೀದಿಯಲ್ಲಿ ಜನರನ್ನು ತಡೆದು ಆಯುಧಕ್ಕಾಗಿ ಶೋಧಿಸುವ ದೊಡ್ಡ ಕಾರ್ಯಾಚರಣೆ ಆರಂಭಿಸಿದರು. ಒಂದೇ ವರ್ಷದಲ್ಲಿ ಇಂಥ ಶೋಧಗಳು ಮೂರು ಪಟ್ಟಿಗೂ ಹೆಚ್ಚಾದವು. ಬ್ರಿಟನ್ನಿನ ಗೃಹ ಇಲಾಖೆ 2016ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿತು. ಶೋಧ ಬಹಳ ಹೆಚ್ಚಿದ 10 ವಿಭಾಗಗಳನ್ನು, ಅಷ್ಟು ಹೆಚ್ಚದ 16 ವಿಭಾಗಗಳೊಂದಿಗೆ ಹೋಲಿಸಿತು. ಅಪರಾಧ ಇಳಿಸುವಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಗಮನಾರ್ಹ ಪರಿಣಾಮವೇನೂ ಕಾಣಲಿಲ್ಲ.

ಇನ್ನೊಂದು ಪ್ರಯೋಗ ವೇಲ್ಸ್‌ನ ಕಾರ್ಡಿಫ್ ನಗರದ್ದು. ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರಾದ ಪ್ರೊ. ಜೊನಾಥನ್ ಶೆಪರ್ಡ್ ಅವರು, ತಮ್ಮಲ್ಲಿಗೆ ಬರುವ ಹಲ್ಲೆಯ ಗಾಯಾಳುಗಳಲ್ಲಿ ಹಲವರ ಪ್ರಕರಣ ಪೊಲೀಸರಿಗೆ ಗೊತ್ತೇ ಇಲ್ಲವೆಂದು ಕಂಡುಕೊಂಡರು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಲ್ಲೆ ಎಲ್ಲಿ, ಯಾವಾಗ, ಯಾವುದರಿಂದ ಆಯಿತೆಂದು ಬರೆದುಕೊಂಡು, ಹೆಸರು ತೆಗೆದು, ಪೊಲೀಸರಿಗೂ ನಗರಾಡಳಿತಕ್ಕೂ ಕೊಡುವ ವ್ಯವಸ್ಥೆಯಾಯಿತು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಇದರ ಫಲಿತಾಂಶ ಪ್ರಕಟಿಸಿತು. ಪೊಲೀಸರು ದಾಖಲಿಸಿದ ಗಾಯದ ಪ್ರಕರಣಗಳು ತಿಂಗಳಿಗೆ ಲಕ್ಷ ಜನರಲ್ಲಿ 54 ಇದ್ದದ್ದು ಕಾರ್ಡಿಫ್‌ನಲ್ಲಿ 82ಕ್ಕೆ ಏರಿತು. ಹೋಲಿಕೆಯ 14 ನಗರಗಳಲ್ಲಿ 54 ಇದ್ದದ್ದು 114ಕ್ಕೆ ಏರಿತು. ಕಾರ್ಡಿಫ್ ಒಂದನ್ನೇ ನೋಡಿದ್ದರೆ ಯೋಜನೆ ವಿಫಲವೆನ್ನುತ್ತಿದ್ದೆವು. ಹೋಲಿಸಿದಾಗ ಅದು ಸಫಲ.

ಸ್ಕಾಟ್ಲೆಂಡ್ ಹೇಳುವ ಪಾಠ

ಸ್ಕಾಟ್ಲೆಂಡಿನಲ್ಲಿ ಕಾನೂನು ಪ್ರತ್ಯೇಕ. ಅಲ್ಲಿಯೂ 2006ರ ಕಾಯಿದೆ ಚಾಕು ಒಯ್ಯುವುದಕ್ಕೆ ಶಿಕ್ಷೆಯನ್ನು 2 ವರ್ಷದಿಂದ 4ಕ್ಕೆ ಏರಿಸಿತು. ಅಂದರೆ ಗಡಿಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಬದಲಾವಣೆ. ಫಲಿತಾಂಶ ಮಾತ್ರ ಬೇರೆ. ಸ್ಕಾಟ್ಲೆಂಡಿನಲ್ಲಿ 2004-05ರಲ್ಲಿ 130ಕ್ಕೂ ಹೆಚ್ಚಿದ್ದ ಒಟ್ಟು ಕೊಲೆಗಳು ಹತ್ತು ವರ್ಷದಲ್ಲಿ ಸುಮಾರು 60ಕ್ಕೆ ಇಳಿದವು. ಇಂಗ್ಲೆಂಡಿನಲ್ಲಿ ಚಾಕು ಕೊಲೆಗಳು ಏರಿದ ವರ್ಷಗಳಲ್ಲೂ ಅಲ್ಲಿ ಹಳೆಯ ಮಟ್ಟ ಮರಳಲಿಲ್ಲ. 2022-23ರಲ್ಲಿ ಸಂಖ್ಯೆ 52.

ವ್ಯತ್ಯಾಸ ಎಲ್ಲಿದೆ? ಗ್ಲಾಸ್ಗೋ ಸುತ್ತಲಿನ ಪೊಲೀಸರು 2005ರಲ್ಲಿ ‘ಹಿಂಸೆ ತಗ್ಗಿಸುವ ಘಟಕ’ ಸ್ಥಾಪಿಸಿದರು. ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ನೋಡುವುದು ಅವರ ವಿಧಾನ. ಎಲ್ಲಿ ಹರಡುತ್ತಿದೆ, ಯಾರಿಗೆ ತಗಲುವ ಸಂಭವ ಹೆಚ್ಚು, ತಡೆಯುವುದು ಹೇಗೆ? ಗುಂಪುಗಳಲ್ಲಿದ್ದ ಹುಡುಗರನ್ನು ಕರೆಸಿ, ಹಿಂಸೆ ಮುಂದುವರಿದರೆ ಶಿಕ್ಷೆ ಖಚಿತ, ಬಿಟ್ಟರೆ ಓದು ಮತ್ತು ಕೆಲಸಕ್ಕೆ ನೆರವು ಎಂದು ತಿಳಿಸಿದರು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇದರಲ್ಲಿ ಭಾಗವಹಿಸಿದವರಲ್ಲಿ ಆಯುಧ ಹೊಂದಿರುವ ಅಪರಾಧ ಶೇ. 84ರಷ್ಟು ಇಳಿಯಿತು. ಭಾಗವಹಿಸದ ಹೋಲಿಕೆಯ ಗುಂಪಿನಲ್ಲೂ ಶೇ. 40 ಇಳಿಯಿತು. ಈ ಎರಡನೆಯ ಸಂಖ್ಯೆಯನ್ನು ಗಮನಿಸಿ. ಅದಿಲ್ಲದಿದ್ದರೆ 84 ಪೂರ್ತಿ ಯೋಜನೆಯ ಖಾತೆಗೆ ಹೋಗುತ್ತಿತ್ತು.

ಆದರೆ ಇಲ್ಲಿಯೂ ಎಚ್ಚರ ಬೇಕು. ಅದೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಪೊಲೀಸರು ಬೀದಿ ಶೋಧವನ್ನೂ ವಿಪರೀತ ಹೆಚ್ಚಿಸಿದ್ದರು. ಕಾನೂನು, ಶೋಧ, ನೆರವು ಮೂರೂ ಒಟ್ಟಿಗೆ ಕೆಲಸ ಮಾಡಿದವು. 2017ರಲ್ಲಿ ಹೊಸ ಸಂಹಿತೆ ಬಂದು, ಕಾನೂನಿನ ಆಧಾರವಿಲ್ಲದೆ ಕೇವಲ ಒಪ್ಪಿಗೆ ಕೇಳಿ ಮಾಡುತ್ತಿದ್ದ ಶೋಧ ನಿಂತಿತು. ಆಮೇಲೂ ಕೊಲೆಗಳು ಹಿಂದಿನ ಮಟ್ಟಕ್ಕೆ ಏರಲಿಲ್ಲ ಎಂಬುದು ಒಂದು ಸುಳಿವು, ಸಾಧನೆಯಲ್ಲ.

ಯಾವ ಚಾಕು?

ನಿಷೇಧಿತ ಪಟ್ಟಿಯಲ್ಲಿರುವುದು ನೋಡಿದರೆ ಭಯ ಹುಟ್ಟಿಸುವ ಆಯುಧಗಳು. ಆದರೆ 2022-23ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹರಿತ ಆಯುಧದ ಕೊಲೆಗಳಲ್ಲಿ ಹತ್ತಕ್ಕೆ ನಾಲ್ಕರಲ್ಲಿ ಬಳಕೆಯಾದದ್ದು ಅಡುಗೆಮನೆಯ ಚಾಕು. ಮಚ್ಚು ಮತ್ತು ಜಾಂಬಿ ಚಾಕು ಸೇರಿ ಹತ್ತಕ್ಕೆ ಒಂದಕ್ಕಿಂತ ಕಡಿಮೆ. ನಿಷೇಧ ನೂರಕ್ಕೆ ನೂರು ಯಶಸ್ವಿಯಾದರೂ ಅದರ ಪರಿಣಾಮಕ್ಕೆ ಇದೇ ಮೇಲ್ಮಿತಿ.

ಅಡುಗೆ ಚಾಕು ಇಷ್ಟು ಅಪಾಯಕಾರಿಯಾಗಲು ಕಾರಣ ಅದರ ಮೊನೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. 50 ನ್ಯೂಟನ್ ಬಲವನ್ನು 1 ಚದರ ಸೆಂ.ಮೀ. ಹೆಬ್ಬೆರಳಿನಿಂದ ಹಾಕಿದರೆ ಒತ್ತಡ ವಾಯುಭಾರದ 5 ಪಟ್ಟು. ಅದೇ ಬಲ 0.1 ಚದರ ಮಿ.ಮೀ. ಮೊನೆಯ ಮೇಲೆ ಬಿದ್ದರೆ 5,000 ಪಟ್ಟು. ವಿಧಿವಿಜ್ಞಾನಿ ಬರ್ನಾರ್ಡ್ ನೈಟ್ ಅವರ 1975ರ ಅಧ್ಯಯನವೂ ಇರಿತದಲ್ಲಿ ಮೊನೆಯ ಹರಿತವೇ ಮುಖ್ಯವೆಂದು ತೋರಿಸಿತು. ಚರ್ಮ ಭೇದಿಸಿದ ಮೇಲೆ ಒಳಹೋಗಲು ಹೆಚ್ಚಿನ ಬಲ ಬೇಕಾಗುವುದಿಲ್ಲ. ಇದನ್ನು ಅರಿತೇ ಮೂವರು ಬ್ರಿಟಿಷ್ ವೈದ್ಯರು 2005ರಲ್ಲಿ, ಉದ್ದನೆಯ ಅಡುಗೆ ಚಾಕುವಿಗೆ ಚೂಪು ಮೊನೆ ಏಕೆ ಬೇಕು ಎಂದು ಕೇಳಿ, ಅಂಥವುಗಳ ಮಾರಾಟ ನಿಷೇಧಿಸಬೇಕೆಂದು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು.

ನಮ್ಮಲ್ಲಿ 1959ರ ಆಯುಧ ಕಾಯಿದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಚಾಕುವನ್ನು ಆಯುಧವೆಂದು ಪರಿಗಣಿಸುತ್ತವೆ. ಆದರೆ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ತೆಂಗಿನಕಾಯಿ ಕೊಚ್ಚುವ ಮಚ್ಚು, ಹುಲ್ಲು ಕೊಯ್ಯುವ ಕುಡುಗೋಲು ಇಲ್ಲದೆ ಬದುಕು ಸಾಗದು. ವಸ್ತುವನ್ನು ನಿಷೇಧಿಸುವ ಕಾನೂನು ಎಲ್ಲ ದೇಶಗಳಲ್ಲೂ ಮುಟ್ಟುವ ಎಲ್ಲೆ ಇದು.

ಹಾಗಾದರೆ ಉತ್ತರ?

ಕಾನೂನು ವ್ಯರ್ಥವೆಂದು ಇಲ್ಲಿನ ಅಂಕಿಗಳು ಹೇಳುವುದಿಲ್ಲ. ಸಕಾರಣವಿಲ್ಲದೆ ಚಾಕು ಒಯ್ಯಬಾರದೆಂಬ ನಿಯಮವೇ ಇಲ್ಲದಿದ್ದರೆ ಇರಿತದ ಮೊದಲು ಮಧ್ಯ ಪ್ರವೇಶಿಸಲು ಪೊಲೀಸರಿಗೆ ಅಧಿಕಾರವೇ ಇರದು. ಆದರೆ ಈಗಾಗಲೇ ಇರುವ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದ್ದರಿಂದಲೇ ಹಿಂಸೆ ತಗ್ಗಿತೆಂಬುದಕ್ಕೆ ಬ್ರಿಟನ್ನಿನಲ್ಲಿ ಸ್ಪಷ್ಟ ಆಧಾರ ಕಾಣುವುದಿಲ್ಲ. ಹೋಲಿಕೆಯ ಪರೀಕ್ಷೆಯಲ್ಲಿ ಫಲ ಕಂಡದ್ದು, ಹಿಂಸೆ ಎಲ್ಲಿ ನಡೆಯುತ್ತದೆಂದು ಅಳೆದು ಅಲ್ಲಿಗೇ ತಲುಪಿದ ಕಾರ್ಡಿಫ್, ಗ್ಲಾಸ್ಗೋ ಮಾದರಿಯ ಕೆಲಸಗಳಲ್ಲಿ. ಹೊಸ ಕಾಯಿದೆ ತಂದು ‘ಕೆಲಸ ಮುಗಿಯಿತು’ ಎಂದುಕೊಂಡರೆ ಈ ನಿಧಾನದ ಕೆಲಸಕ್ಕೆ ಹಣವೂ ಗಮನವೂ ಸಿಗುವುದಿಲ್ಲ. ಅಪಾಯ ಇರುವುದು ಅಲ್ಲಿ.

ಶಿಕ್ಷಕ ಮಿತ್ರರು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ‘ಹೊಸ ನಿಯಮದಿಂದ ಇಳಿಕೆ’ ಎಂಬ ಯಾವುದಾದರೂ ಸುದ್ದಿಯನ್ನು ವಿದ್ಯಾರ್ಥಿಗಳು ಕತ್ತರಿಸಿ ತರಲಿ. ಅದಕ್ಕೆ ನಾಲ್ಕು ಪ್ರಶ್ನೆ ಕೇಳಲಿ. ವ್ಯತ್ಯಾಸ √Nಗಿಂತ ಸಾಕಷ್ಟು ದೊಡ್ಡದೆ? ಮಾಪಕ ಅದೇ ಇದೆಯೆ? ಜೊತೆಯಲ್ಲಿ ಬೇರೇನು ಬದಲಾಯಿತು? ನಿಯಮ ಬಾರದ ಕಡೆ ಏನಾಯಿತು? ನಾಲ್ಕಕ್ಕೂ ಉತ್ತರ ಸಿಗುವ ಸುದ್ದಿ ಅಪರೂಪ. ಅದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವುದು ಈ ಪಾಠದ ಅರ್ಧ ಭಾಗ.